ಅಣ್ಣ ಅಂದರೆ ಬ್ರದರ್

ಆಗ ನನಗೆ ಹನ್ನೆರಡು ವರ್ಷ. ಅದಾಗಿ ನಲವತ್ತೊಂಬತ್ತು ವರ್ಷವಾಯಿತು. ಆ ಕಾಲದಲ್ಲಿ ಹ್ಯೂಸ್ಟನ್ನಿನಲ್ಲಿ ಕನ್ನಡದವರ ಮನೆ ಎಲ್ಲಿದೆ ಎಂದು ಹುಡುಕಿಕೊಂಡು ಹೋಗಬೇಕಿತ್ತು. ಯುಗಾದಿಗೆ ಎಲ್ಲರೂ ಒಂದೇ ಮನೆಯಲ್ಲಿ ಸೇರಿದರೂ ಒಂದು ಜಮಖಾನೆ ಸಾಕಾಗುತ್ತಿತ್ತು. ಕರಿಬೇವು ಸಿಗುತ್ತಿರಲಿಲ್ಲ. ಊರಿಂದ ಬಂದವರು ಒಣಗಿಸಿ ತಂದ ಎಲೆಯನ್ನು ಡಬ್ಬಿಯಲ್ಲಿಟ್ಟು ಒಗ್ಗರಣೆಗೆ ಎರಡೆರಡೇ ಹಾಕುತ್ತಿದ್ದರು. ಊಟದಲ್ಲಿ ಸಿಕ್ಕಿದ ಎಲೆಯನ್ನು ಯಾರೂ ತಟ್ಟೆಯ ಅಂಚಿಗೆ ತಳ್ಳುತ್ತಿರಲಿಲ್ಲ, ಅಗಿದು ನುಂಗುತ್ತಿದ್ದರು. ಈಗ ಡಲ್ಲಾಸಿನ ಹತ್ತಿರದ ಕ್ಯಾರಲ್ಟನ್ನಿನ ಅಂಗಡಿಯಲ್ಲಿ ಕರಿಬೇವು ಕಟ್ಟುಗಟ್ಟಲೆ ಬಿದ್ದಿರುತ್ತದೆ. ನನ್ನ ಮೊಮ್ಮಕ್ಕಳು ಅದನ್ನು ಹೆಕ್ಕಿ ಹೆಕ್ಕಿ ಬಿಸಾಕುತ್ತವೆ.

ಹೋದ ತಿಂಗಳು ಆಸ್ಟಿನ್ನಿನಲ್ಲಿ ಕಟ್ಟಿ ಕಾಕಾ ತೀರಿಕೊಂಡರು. ಧಾರವಾಡದ ಕಡೆಯವರು, ವಕೀಲರು. ವಕೀಲರಿಗೆ ಕೊಡಲು ಕೈಯಲ್ಲಿ ಏನೂ ಇಲ್ಲದವರ ಪರವಾಗಿಯೇ ಜೀವಮಾನವಿಡೀ ಕೆಲಸ ಮಾಡಿದರು. ನೀವೂ ನಾಲ್ಕು ಸಾಲು ಬರೆದುಕೊಡಿ ಎಂದು ಸಂಘದ ಸಂಚಿಕೆಯವರು ನನ್ನನ್ನು ಕೇಳಿದರು. ದೊಡ್ಡವರು ದೊಡ್ಡ ಮಾತು ಬರೆದಿರುತ್ತಾರೆ. ನನಗೆ ಚೆನ್ನಾಗಿ ಗೊತ್ತಿರುವುದು ಒಂದು ಬೇಸಿಗೆ. ಅದನ್ನೇ ಬರೆಯುತ್ತೇನೆ. ಊರಿನ ಶಾಲೆಯಲ್ಲಿ ನಾಲ್ಕನೇ ಕ್ಲಾಸಿನ ತನಕ ಕಲಿತ ಕನ್ನಡ ನನ್ನದು. ತಪ್ಪಿದ್ದರೆ ತಿದ್ದಿಕೊಳ್ಳಿ.

ನಾವು ಕುಂದಾಪುರದ ಹತ್ತಿರದವರು. ನನ್ನ ತಂದೆ ಪದ್ಮನಾಭ, ಅಡಿಗೆಯವರು. ಅಮ್ಮ ತೀರಿಕೊಂಡ ಮೇಲೆ ಹ್ಯೂಸ್ಟನ್ನಿನ ಒಬ್ಬ ಡಾಕ್ಟರು ತಮ್ಮ ಮನೆಯ ಅಡಿಗೆಗೆ ಎಂದು ಅವರನ್ನು ಕರೆಸಿಕೊಂಡರು. ಜೊತೆಗೆ ನಾನು. ನನಗೆ ಆಗ ಹತ್ತು. ಡಾಕ್ಟರ ಮನೆಯ ಹಿಂದಿನ ಕೋಣೆಯಲ್ಲಿ ನಮ್ಮ ವಾಸ.

ತಂದೆಯನ್ನು ನಾನು ಅಣ್ಣ ಎಂದು ಕರೆಯುತ್ತಿದ್ದೆ. ಓದುವವರಲ್ಲಿ ಎಷ್ಟೋ ಮಂದಿ ಹಾಗೆಯೇ ಕರೆದಿರುತ್ತೀರಿ, ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ತುಂಬಿದ ಮನೆ. ಅವರ ತಮ್ಮಂದಿರು, ತಂಗಿಯರು ಅವರನ್ನು ಅಣ್ಣ ಅಂದರು, ಕೇಳಿಸಿಕೊಂಡ ನಾನೂ ಅಣ್ಣ ಅಂದೆ. ಅಪ್ಪಯ್ಯ ಎಂದರೆ ನಮ್ಮ ಮನೆಯಲ್ಲಿ ಅಜ್ಜ. ಎಲ್ಲರೂ ಅವರನ್ನೇ ಹಾಗೆ ಕರೆಯುತ್ತಿದ್ದುದು.

ಹ್ಯೂಸ್ಟನ್ನಿಗೆ ಬಂದು ಎರಡು ವರ್ಷ ನಾನು ಶಾಲೆಗೆ ಹೋಗಲಿಲ್ಲ. ಕಳಿಸಬೇಕು ಎಂದು ಯಾರಿಗೂ ಹೊಳೆಯಲಿಲ್ಲ, ಅಷ್ಟೇ. ನಾನು ಬೀನ್ಸ್ ಸೋಸುತ್ತಿದ್ದೆ, ಕೊತ್ತಂಬರಿ ಬೀಜ ಹುರಿಯುತ್ತಿದ್ದೆ. ಡಾಕ್ಟರ ಮಗಳು ನಿರ್ಮಲಾ ನನ್ನ ವಯಸ್ಸಿನವಳು. ಸಂಜೆ ಶಾಲೆಯಿಂದ ಬಂದು ನನಗೆ ಟೀಚರಾಗುತ್ತಿದ್ದಳು. ಚಿತ್ರದ ಪುಸ್ತಕ ತೆಗೆದು, ಬೆರಳಿಟ್ಟು, 'ಇದು ಅಮ್ಮ, ಮದರ್. ಇದು ಅಪ್ಪ, ಫಾದರ್. ಇದು ಅಣ್ಣ. ಅಣ್ಣ ಅಂದ್ರೆ ಬ್ರದರ್. ಹೇಳು' ಎನ್ನುತ್ತಿದ್ದಳು. ಅವಳಿಗೆ ನಿಜವಾಗಿಯೂ ಒಬ್ಬ ಅಣ್ಣನಿದ್ದ. ನಾನು ಕಂಠಪಾಠ ಮಾಡಿದೆ. ಮದರ್ ಸತ್ತಿದ್ದರು. ಫಾದರ್ ಅಂದರೆ ಅಪ್ಪ, ಅಪ್ಪ ಅಂದರೆ ನನ್ನ ಲೆಕ್ಕದಲ್ಲಿ ಅಜ್ಜ, ಅವರೂ ಸತ್ತಿದ್ದರು. ಉಳಿದದ್ದು ಬ್ರದರ್ ಒಬ್ಬರೇ.

ಆ ವರ್ಷ ಚಳಿಗಾಲ ಕಳೆದ ಮೇಲೆ ನಾನೇ ಹಟ ಹಿಡಿದೆ. ಅಣ್ಣ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ನನ್ನನ್ನು ಶಾಲೆಗೆ ಕರೆದುಕೊಂಡು ಹೋದರು. ಅಲ್ಲಿ ಕಚೇರಿಯಲ್ಲಿ ಒಬ್ಬಳು ಹೆಂಗಸು, ತುರುಬಿಗೆ ಪೆನ್ಸಿಲ್ ಸಿಕ್ಕಿಸಿಕೊಂಡಿದ್ದಳು. ನಮ್ಮಿಬ್ಬರ ಪಾಸ್‌ಪೋರ್ಟ್ ತಿರುವಿ ತಿರುವಿ ನೋಡಿದಳು. ಅಣ್ಣನದರಲ್ಲಿ ಊರಿನ ಹೆಸರು ಕೊನೆಯ ಹೆಸರಾಗಿತ್ತು. ನನ್ನದರಲ್ಲಿ ಅಣ್ಣನ ಹೆಸರೇ ಕೊನೆಯ ಹೆಸರು. ಅದಕ್ಕೂ ಅರ್ಜಿ ಬರೆದುಕೊಟ್ಟ ಮೇಷ್ಟ್ರು ಮರ್ಯಾದೆಗೆಂದು ಒಂದು 'ಅಯ್ಯ' ಸೇರಿಸಿ ಪದ್ಮನಾಭಯ್ಯ ಮಾಡಿದ್ದರು. ಹುಟ್ಟಿದ ಸರ್ಟಿಫಿಕೇಟು ಇಲ್ಲ. ನಾನು ಹುಟ್ಟಿದ್ದು ಮನೆಯಲ್ಲಿ, ಸೂಲಗಿತ್ತಿ ಸರ್ಟಿಫಿಕೇಟು ಕೊಡುತ್ತಾಳೆಯೇ?

ಆ ಹೆಂಗಸು ನನ್ನ ಕಡೆ ಬಗ್ಗಿ, 'ಹನಿ, ಹೂ ಈಸ್ ದಿಸ್ ಮ್ಯಾನ್?' ಎಂದಳು.

ನನಗೆ ಅರ್ಥವಾಯಿತು. ಅರ್ಥವಾದ ಜಂಬದಲ್ಲಿ ಗಟ್ಟಿಯಾಗಿ, 'ಹಿ ಈಸ್ ಮೈ ಬ್ರದರ್' ಎಂದೆ.

ಅವಳು ಅಣ್ಣನ ಕಡೆ ತಿರುಗಿ ಅಪ್ಪ ಅಮ್ಮ ಎಲ್ಲಿ ಎಂದು ಕೇಳಿದಳು. ಅಣ್ಣ ಅಮ್ಮನನ್ನು ಕೇಳಿದಳೆಂದು ತಿಳಿದು, ಕೈ ಮೇಲೆ ಮಾಡಿ, 'ಡೆಡ್, ಮೇಡಂ, ಡೆಡ್' ಎಂದರು. ಆ ಹೆಂಗಸು ಎದೆಯ ಮೇಲೆ ಕೈಯಿಟ್ಟುಕೊಂಡಳು. ನನ್ನನ್ನು ತಬ್ಬಿಕೊಂಡು ಒಂದು ಕೆಂಪು ಮಿಠಾಯಿ ಕೊಟ್ಟಳು. ಬರೆದುಕೊಂಡಳು, ಬರೆದುಕೊಂಡಳು. ಕೆಲಸವಾಯಿತು ಎಂದು ನಾವಿಬ್ಬರೂ ಖುಷಿಯಾಗಿ ಮನೆಗೆ ಬಂದೆವು. ಮಿಠಾಯಿ ದಾಲ್ಚಿನ್ನಿಯ ಖಾರ, ನಾಲಿಗೆ ಉರಿಯಿತು.

ಕಾಗದ ಸರಿಯಿಲ್ಲದ ಮಕ್ಕಳನ್ನು ಶಾಲೆಗೆ ಸೇರಿಸಿಕೊಳ್ಳಬೇಕಾಗಿಲ್ಲ ಎಂಬ ಕಾಯ್ದೆ ಆಗ ಟೆಕ್ಸಾಸಿನಲ್ಲಿತ್ತು. ಶಾಲೆಯ ಚೀಟಿ ಎಲ್ಲೆಲ್ಲಿಗೆ ಹೋಯಿತೋ, ಒಂದೂವರೆ ತಿಂಗಳಿಗೆ ಸರ್ಕಾರದ ಪತ್ರ ಬಂತು. ಡಾಕ್ಟರಮ್ಮ ಓದಿ ಹೇಳಿದರು. ಈ ಹುಡುಗಿ ಅಡಿಗೆಯವನ ಮಗಳು ಎಂದು ದೇಶದೊಳಗೆ ಬಂದಿದ್ದಾಳೆ, ಆದರೆ ಅವಳ ಬಾಯಲ್ಲೇ ಅವನು ತಂದೆಯಲ್ಲ. ಡಲ್ಲಾಸಿನ ಕಚೇರಿಗೆ ಬಂದು ಸಾಬೀತು ಮಾಡಿ. ಆಗದಿದ್ದರೆ ಹುಡುಗಿ ಹಿಂದಿರುಗಬೇಕು.

'ಯಾಕೇ ಹಾಗಂದೆ? ತಲೆ ಕೆಟ್ಟಿತ್ತಾ ನಿಂಗೆ?' ಎಂದು ಡಾಕ್ಟರಮ್ಮ ನನ್ನನ್ನು ಬೈದರು. ಆಮೇಲೆ ಅಣ್ಣನಿಗೆ, 'ಪದ್ಮನಾಭ, ಊರಲ್ಲಿ ನಿಮ್ಮ ತಂಗಿ ಇದಾರಲ್ವಾ, ಅಲ್ಲಿಗೆ ಕಳಿಸಿಬಿಡಿ. ಸುಮ್ನೆ ತಾಪತ್ರಯ ಯಾಕೆ?' ಎಂದರು. ಅವರು ಕೆಟ್ಟವರಲ್ಲ. ಇನ್ನೊಬ್ಬರ ಮಗುವಿನ ವಿಷಯಕ್ಕೆ ಸುಲಭದ ದಾರಿ ಬೇಗ ಹೊಳೆಯುತ್ತದೆ.

ಅಣ್ಣ ದೋಸೆ ಹುಯ್ಯುತ್ತಿದ್ದರು. ಕಾವಲಿಯ ಮೇಲಿನ ದೋಸೆ ಕಪ್ಪಾಯಿತು, ಹೊಗೆ ಎದ್ದಿತು. ಅವರ ಕೈಯಲ್ಲಿ ದೋಸೆ ಸೀದದ್ದನ್ನು ನಾನು ಮೊದಲು ನೋಡಿದ್ದು ಆವತ್ತು. ಡಾಕ್ಟರು ಅಲ್ಲಿಗೆ ಬಂದು ಅದನ್ನು ನೋಡಿದರು. ನೋಡಿ, ಹೋಗಿ ಆಸ್ಟಿನ್ನಿಗೆ ಫೋನ್ ಮಾಡಿದರು.

ಜೂನ್ ತಿಂಗಳಲ್ಲಿ, ವಿಚಾರಣೆಗೆ ಒಂದು ವಾರ ಮೊದಲು, ನಾವಿಬ್ಬರೂ ಬಸ್ಸಿನಲ್ಲಿ ಆಸ್ಟಿನ್ನಿಗೆ ಹೋದೆವು. ಕಟ್ಟಿ ಕಾಕಾ ನಿಲ್ದಾಣದಲ್ಲಿ ಕಾಯುತ್ತಿದ್ದರು. ತೆಳ್ಳಗೆ, ಎತ್ತರ. ಬೆಲ್ಟಿನ ತುದಿ ಉದ್ದವಾಗಿ ನೇತಾಡುತ್ತಿತ್ತು. ಅಂಗಿಯ ಜೇಬಿನಲ್ಲಿ ಪೆನ್ನಿನ ಪಕ್ಕ ಒಂದು ಬಾಚಣಿಗೆ.

'ಬರ್ರಿ, ಬರ್ರಿ. ಪದ್ಮನಾಭ ಅಂದ್ರ ನೀವ ಅಲ್ಲೇನು? ಮತ್ತ ಈಕಿನ ಏನು ಅಣ್ಣನ್ನ ಬ್ರದರ್ ಮಾಡಿದಾಕಿ?' ಎಂದು ಜೋರಾಗಿ ನಕ್ಕರು. ನಾನು ಅಣ್ಣನ ಹಿಂದೆ ಹೋದೆ. ಎರಡು ತಿಂಗಳಿಂದ ಆ ಮಾತಿಗೆ ಯಾರೂ ನಕ್ಕಿರಲಿಲ್ಲ. ಇವರಿಗೆ ವಿಷಯ ಅರ್ಥವಾಗಿಲ್ಲ ಎಂದುಕೊಂಡೆ.

ಮನೆ ಚಿಕ್ಕದು. ಹಿತ್ತಲಿನಲ್ಲಿ ಅಕ್ರೋಟಿನ ಜಾತಿಯ ದೊಡ್ಡ ಪೆಕಾನ್ ಮರ, ಅದರ ತುಂಬ ಜೀರುಂಡೆ. ಕಾರಿನ ಸದ್ದಿಗೆ ಇಬ್ಬರು ಹುಡುಗಿಯರು 'ಕಾಕಾ, ಕಾಕಾ' ಎಂದು ಓಡಿ ಬಂದು ಅವರ ಕಾಲಿಗೆ ಜೋತುಬಿದ್ದರು. ದೊಡ್ಡವಳು ಸುಧಾ, ಒಂಬತ್ತು. ಚಿಕ್ಕವಳನ್ನು ಚಿನ್ನಿ ಎನ್ನುತ್ತಿದ್ದರು, ಆರು. ಒಳಗೆ ಒಬ್ಬರು ಹೆಂಗಸು ಮೆಕ್ಸಿಕನ್ನರ ಜೋಳದ ಹಿಟ್ಟಿನಲ್ಲಿ ರೊಟ್ಟಿ ತಟ್ಟುತ್ತಿದ್ದರು. 'ವೈನಿ, ಐ ಆಮ್ ಹಂಗ್ರಿ' ಎಂದು ಚಿನ್ನಿ ಅವರ ಸೆರಗು ಎಳೆದಳು. ರೊಟ್ಟಿ, ಶೇಂಗಾದ ಚಟ್ನಿಪುಡಿ, ಗಟ್ಟಿ ಮೊಸರು. ಅಡಿಗೆಮನೆಯಲ್ಲಿ ಹುರಿದ ಶೇಂಗಾದ ವಾಸನೆ ಯಾವಾಗಲೂ ಇರುತ್ತಿತ್ತು.

ಅಣ್ಣ ಸುಮ್ಮನೆ ಕೂರುವವರಲ್ಲ, ಮಾರನೆಯ ದಿನವೇ ಅಡಿಗೆಮನೆಗೆ ಹೊಕ್ಕರು. 'ಎಲ್ಲಾದಕ್ಕೂ ತೆಂಗಿನಕಾಯಿ ಏನ್ರಿ ನಿಮ್ಮ ಕಡೆ?' ಎಂದು ಆ ಹೆಂಗಸು ಕೇಳಿದರೆ, 'ನಿಮ್ಮ ಕಡೆ ಎಲ್ಲದಕ್ಕೂ ಶೇಂಗಾ ಉಂಟಲ್ಲ ಮಾರಾಯ್ರೆ' ಎನ್ನುತ್ತಿದ್ದರು.

ನಾನು, ಸುಧಾ, ಚಿನ್ನಿ ಮರದಡಿ ಚೌಕಾಬಾರ ಆಡುತ್ತಿದ್ದೆವು. ಕವಡೆ ಇರಲಿಲ್ಲ, ಪೆಕಾನ್ ಚಿಪ್ಪಿನ ಹೋಳುಗಳನ್ನೇ ಉರುಳಿಸುತ್ತಿದ್ದೆವು. ಚಿನ್ನಿ ಮೋಸ ಮಾಡುತ್ತಿದ್ದಳು. ಸುಧಾ ಮೂರು ವರ್ಷದ ತನಕ ಧಾರವಾಡದ ದೊಡ್ಡ ಮನೆಯಲ್ಲಿ ಬೆಳೆದವಳು, ಅವಳಿಗೆ ಕನ್ನಡ ಚೆನ್ನಾಗಿ ಬರುತ್ತಿತ್ತು. ನಮ್ಮ ಕಡೆ ಕಾಕಾ, ವೈನಿ ಎಂಬ ಮಾತುಗಳಿಲ್ಲ. ಎರಡನೆಯ ದಿನ ಸಂಜೆ ಕೇಳಿದೆ, 'ವೈನಿ ಅಂದ್ರೆ ಎಂತ?'

'ಅಣ್ಣನ ಹೆಂಡ್ತಿ.'

'ಕಾಕಾ ಅಂದ್ರೆ?'

'ಅಪ್ಪನ ತಮ್ಮ. ಅಂಕಲ್.'

ನನಗೆ ಎಲ್ಲ ತಿಳಿಯಿತು. ಈ ಮಕ್ಕಳೂ ನನ್ನ ಹಾಗೆಯೇ. ಕನಿಕರದಿಂದ ಕೇಳಿದೆ, 'ನಿಮ್ಮ ಅಮ್ಮ ಸತ್ತು ಎಷ್ಟು ವರ್ಷ ಆಯ್ತು?'

ಸುಧಾ ಬಾಯಿ ಬಿಟ್ಟು ನನ್ನನ್ನು ನೋಡಿದಳು. ಎದ್ದು ಒಳಗೆ ಓಡಿದಳು. ದೊಡ್ಡವರು ಊಟಕ್ಕೆ ಕೂತಿದ್ದರು. 'ವೈನಿ! ವೈನಿ! ಶಾರದಾ ಸೇಸ್ ಯು ಆರ್ ಡೆಡ್!'

ಅಣ್ಣ ತಲೆ ತಗ್ಗಿಸಿ, 'ಇವಳ ಬಾಯಿಗೆ ಬೀಗ ಹಾಕಬೇಕು' ಎಂದು ಹಲ್ಲು ಕಡಿದರು. ವೈನಿ ಬಿದ್ದು ಬಿದ್ದು ನಗತೊಡಗಿದರು. ವೈನಿ ಎಂದರೆ ಆ ಮಕ್ಕಳ ಸ್ವಂತ ತಾಯಿ. ಕಾಕಾ ಎಂದರೆ ಸ್ವಂತ ತಂದೆ. ಧಾರವಾಡದ ಮನೆಯಲ್ಲಿ ಮೈದುನಂದಿರು ವೈನಿ ಎಂದದ್ದನ್ನು, ಕಾಕಾನ ಅಣ್ಣನ ಮಕ್ಕಳು ಕಾಕಾ ಎಂದದ್ದನ್ನು ಕೇಳಿ ಸುಧಾ ಕಲಿತಿದ್ದಳು, ಸುಧಾಳನ್ನು ಕೇಳಿ ಚಿನ್ನಿ. ನಾನು ಮಾಡಿದ್ದನ್ನೇ ಅವರೂ ಮಾಡಿದ್ದರು.

ಕಾಕಾ ಮಾತ್ರ ನಗಲಿಲ್ಲ. ರೊಟ್ಟಿಯ ತುಂಡು ಕೈಯಲ್ಲೇ ಇತ್ತು. ಸ್ವಲ್ಪ ಹೊತ್ತು ನನ್ನನ್ನೇ ನೋಡಿದರು. ಆಮೇಲೆ ಹೆಂಡತಿಗೆ ಹೇಳಿದರು, 'ಮಂಗಳವಾರ ನೀ ರಜಾ ಹಾಕು. ಎಲ್ಲಾರೂ ಕೂಡಿ ಡಲ್ಲಾಸಿಗೆ ಹೋಗೂಣು.'

'ನಾ ಯಾಕ್ರಿ?'

'ನೀ ಸಾಕ್ಷಿ.'

ಅವರ ಕೆಲಸ ಏನೆಂದು ನಾನು ಆ ವಾರದಲ್ಲಿ ಕಂಡೆ. ಸಂಜೆ ಐದು ಗಂಟೆಗೆ ಮನೆಯಲ್ಲಿರುತ್ತಿದ್ದರು, ತಪ್ಪಿಸುತ್ತಿರಲಿಲ್ಲ. 'ಐದರ ಮ್ಯಾಲ ನಾ ವಕೀಲ ಅಲ್ಲ' ಎನ್ನುತ್ತಿದ್ದರು. ಆದರೆ ಜನ ಮನೆಗೇ ಬರುತ್ತಿದ್ದರು. ಬಾಡಿಗೆ ಮನೆಯಿಂದ ಹೊರಗೆ ಹಾಕಿಸಿಕೊಂಡವರು, ಕೂಲಿ ಕೊಡದೆ ಓಡಿಸಲ್ಪಟ್ಟವರು, ಮಗುವನ್ನು ಎತ್ತಿಕೊಂಡು ಬಂದ ಹೆಂಗಸರು. ಬಂದವರನ್ನು ಮೊದಲು ಊಟಕ್ಕೆ ಕೂರಿಸುತ್ತಿದ್ದರು. ಕೈ ತೊಳೆದ ಮೇಲೆ ಮಾತು. ಚಿನ್ನಿಯನ್ನು ತೊಡೆಯ ಮೇಲೆ ಕೂರಿಸಿಕೊಂಡೇ ಬರೆದುಕೊಳ್ಳುತ್ತಿದ್ದರು. ದೊಡ್ಡ ಕಚೇರಿಗಳಿಂದ ಕರೆ ಬಂದಿತ್ತಂತೆ. 'ಹೋದ್ರ ಈ ಹುಡುಗ್ಯಾರ ತಲಿ ಯಾರು ಹಿಕ್ಕಬೇಕು?' ಎಂದರಂತೆ. ಅದನ್ನು ಹೇಳಿದ್ದು ವೈನಿ.

ತಲೆ ಹಿಕ್ಕುವುದು ಎಂದರೆ ಬಾಚುವುದು. ವೈನಿಗೆ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ, ಬೆಳಿಗ್ಗೆ ಆರಕ್ಕೇ ಹೋಗಬೇಕು. ಹಾಗಾಗಿ ಮಕ್ಕಳ ಜಡೆ ಕಾಕಾನ ಪಾಲಿಗೆ. ಹಿಂಬಾಗಿಲಿನ ಮೆಟ್ಟಿಲ ಮೇಲೆ ಅವರು ಕೂರುತ್ತಿದ್ದರು, ಕೆಳಗಿನ ಮೆಟ್ಟಿಲಲ್ಲಿ ಸುಧಾ, ಆಮೇಲೆ ಚಿನ್ನಿ. ಪಕ್ಕದಲ್ಲಿ ಕೇಸಿನ ಕಾಗದ, ಅದರ ಮೇಲೆ ಹಾರದ ಹಾಗೆ ಎಣ್ಣೆಯ ಬಾಟಲಿ. ಬಾಯಲ್ಲಿ ರಿಬ್ಬನ್ ಕಚ್ಚಿಕೊಂಡು, ಒಂದು ಕಣ್ಣು ಕಾಗದದ ಮೇಲೆ, ಎರಡು ಜಡೆ ನೆಟ್ಟಗೆ ಹೆಣೆಯುತ್ತಿದ್ದರು. ಅವರು ಓದುತ್ತಿದ್ದ ಕಾಗದಕ್ಕೆಲ್ಲ ಕೊಬ್ಬರಿ ಎಣ್ಣೆಯ ಕಲೆ.

ನನ್ನ ತಲೆ ಅಮ್ಮ ಹೋದ ಮೇಲೆ ಯಾರ ಕೈಗೂ ಸಿಕ್ಕಿರಲಿಲ್ಲ. ಅಣ್ಣ ಎಣ್ಣೆ ಹಚ್ಚಿ, ಕೊತ್ತಂಬರಿ ಕಟ್ಟಿಗೆ ಬರುವ ರಬ್ಬರ್ ಬ್ಯಾಂಡ್ ಬಿಗಿದುಬಿಡುತ್ತಿದ್ದರು. ಒಳಗೆಲ್ಲ ಗಂಟು.

'ಶಾರದಾ, ಬಾರವಾ, ಚಿನ್ನಿ ಹಿಂದ ಸಾಲಿನ್ಯಾಗ ಕೂಡು' ಎಂದು ಕಾಕಾ ದಿನಾ ಕರೆಯುತ್ತಿದ್ದರು.

'ಬೇಡ.'

'ಯಾಕ?'

'ಗಂಡಸರು ತಲೆ ಬಾಚೂದಿಲ್ಲ.'

'ಹೌದೇನು? ಹಂಗಾರ ನಾ ಯಾರು?'

'ಯು ಆರ್ ಅ ಲಾಯರ್' ಎಂದು ಚಿನ್ನಿ ಉತ್ತರ ಕೊಡುತ್ತಿದ್ದಳು.

ಗಂಡಸರು ಎಂಬುದು ನೆಪ. ಇರುತ್ತೇನೋ ಇಲ್ಲವೋ ಗೊತ್ತಿಲ್ಲದ ಜಾಗದಲ್ಲಿ ಅಭ್ಯಾಸ ಮಾಡಿಕೊಳ್ಳಬಾರದು ಎಂದು ನನ್ನ ಲೆಕ್ಕ. ಮಂಗಳವಾರ ಕಳೆದರೆ ನಾನು ಅತ್ತೆಯ ಮನೆಯ ಕೊಟ್ಟಿಗೆಯ ಪಕ್ಕದ ಕೋಣೆಯಲ್ಲಿ, ಅಣ್ಣ ಹ್ಯೂಸ್ಟನ್ನಿನ ಒಲೆಯ ಮುಂದೆ. ಮಧ್ಯೆ ಸಮುದ್ರ. ನನ್ನ ಒಂದು ಮಾತಿನಿಂದ.

ಭಾನುವಾರ ಮಧ್ಯಾಹ್ನ ಅಣ್ಣ ನನ್ನನ್ನು ಮರದಡಿಗೆ ಕರೆದರು. 'ಇನ್ನು ಮೇಲೆ ನನ್ನನ್ನು ಅಪ್ಪ ಅಂತ ಕರಿ. ಅಲ್ಲಿ ಕೇಳಿದ್ರೆ ಅಪ್ಪ ಅಂತಲೇ ಹೇಳು. ಈಗ ಒಂದ್ಸಲ ಹೇಳು, ಕೇಳುವ.'

ನಾನು ಬಾಯಿ ತೆರೆದೆ. ಎದುರಿಗೆ ನಿಂತವರು ಅಣ್ಣ. ಅವರಿಗೆ ಅಪ್ಪ ಎಂದರೆ ಯಾರೋ ಬೇರೆಯವರನ್ನು ಕರೆದ ಹಾಗೆ.

'ಹೇಳು ಮಾರಾಯ್ತಿ!'

'ಅಪ್... ಅಪ್...'

ಬಿಕ್ಕಳಿಕೆ ಬಂತು. ಅಣ್ಣ ಕೈ ಎತ್ತಿದರು. ಕಾಕಾ ಮೆಟ್ಟಿಲ ಮೇಲೆ ಬಂದು ನಿಂತಿದ್ದರು. 'ಏನ್ ನಡಿಸೀರಿ ಪದ್ಮನಾಭ?'

'ಅಭ್ಯಾಸ ಮಾಡಿಸ್ತಾ ಇದ್ದೇನೆ. ಅಲ್ಲಿ ಪುನಃ ಅಣ್ಣ ಅಂದ್ರೆ ಮುಗೀತಲ್ಲ ಕತೆ.'

ಕಾಕಾ ಬಂದು ಮಣ್ಣಿನಲ್ಲೇ ಕೂತರು. 'ಬ್ಯಾಡ್ರಿ. ಹುಟ್ಟಿದಾಗಿಂದ ಆಕಿ ಏನ್ ಕರದಾಳೋ ಅದನ್ನ ಕರೀಲಿ. ಇಲ್ಲದ್ದನ್ನ ಆಕಿ ಬಾಯಾಗ ಇಟ್ಟು ನಾ ಗೆಲ್ಲೂದಿಲ್ಲ. ಆ ಆಫೀಸರ ಒಂದು ಶಬ್ದ ಕಲೀಲಿ. ಅಷ್ಟು ದೊಡ್ಡ ಸರ್ಕಾರ ಐತಿ, ಒಂದು ಶಬ್ದ ಕಲಿಯಾಕ ಆಗೂದಿಲ್ಲೇನು?'

'ಕಲಿಯದಿದ್ರೆ?'

ಕಾಕಾ ಪೆಕಾನ್ ಚಿಪ್ಪೊಂದನ್ನು ಎತ್ತಿ ತಿರುಗಿಸಿ ನೋಡಿದರು. 'ಕಲೀಲಿಲ್ಲಂದ್ರ ಹುಡುಗಿ ಊರಿಗೆ ಹೋಗಬೇಕಾಗ್ತದ. ನಿಮ್ಮ ಮುಂದ ಸುಳ್ಳು ಹೇಳೂದಿಲ್ಲ ನಾ.'

ಅಣ್ಣ ಒಳಗೆ ಹೋದರು. ಅವತ್ತು ಸಂಜೆ ಆರು ಜನರಿಗೆ ಹದಿನೈದು ಜನರ ಅಡಿಗೆ ಮಾಡಿದರು.

ಮಂಗಳವಾರ ನಸುಕಿನಲ್ಲಿ ಆರೂ ಜನ ಕಾಕಾನ ಉದ್ದ ಕಾರಿನಲ್ಲಿ ಡಲ್ಲಾಸಿಗೆ ಹೊರಟೆವು. ಕಿಟಕಿಯಿಂದ ಬಿಸಿಗಾಳಿ. ಕಾಲಡಿಯಲ್ಲಿ ಮೊಸರನ್ನದ ಬುತ್ತಿ. ಕಚೇರಿ ತಣ್ಣಗಿತ್ತು, ನನಗೆ ಚಳಿಯಾಯಿತು. ಆಫೀಸರ್ ದಪ್ಪಗಿದ್ದರು, ಕಾಲಿಗೆ ಚರ್ಮದ ಬೂಟು, ಮುಂದೆ ಐಸ್ ಹಾಕಿದ ಚಹಾದ ಲೋಟ. ಅಲ್ಲಿ ನಡೆದದ್ದು ಇಂಗ್ಲಿಷಿನಲ್ಲಿ. ಅರ್ಧ ನನಗೆ ಅವತ್ತೇ ತಿಳಿಯಿತು, ಉಳಿದರ್ಧ ಸುಧಾ ಇಷ್ಟು ವರ್ಷ ಹೇಳಿ ಹೇಳಿ ತಿಳಿದಿದೆ.

ಕಾಕಾ ಮೊದಲು ಹೆಸರಿನ ವಿಷಯ ಬಿಡಿಸಿದರು. ಇವಳ ಕೊನೆಯ ಹೆಸರೇ ಅವನ ಮೊದಲ ಹೆಸರು. 'ಅಯ್ಯ' ಎಂದರೆ ಮರ್ಯಾದೆ. ಆಫೀಸರ್ ತಲೆ ಆಡಿಸಿದರು. 'ಹೆಸರು ಬಿಡಿ ವಕೀಲರೇ. ಹುಡುಗಿ ತಾನಾಗಿ ಬ್ರದರ್ ಎಂದಿದ್ದಾಳೆ. ಅದಕ್ಕೇನು ಹೇಳುತ್ತೀರಿ?'

'ಅದಕ್ಕೆ ಸಾಕ್ಷಿ ಕರೆದುಕೊಂಡು ಬಂದಿದ್ದೇನೆ' ಎಂದು ಕಾಕಾ ಬಾಗಿಲು ತೆಗೆದರು. ಸುಧಾ, ಚಿನ್ನಿ, ವೈನಿ ಒಳಗೆ ಬಂದರು.

'ಇದೇನು, ಪಿಕ್ನಿಕ್ಕೇ?'

'ಒಂದೇ ನಿಮಿಷ ಸರ್.' ಕಾಕಾ ಮಗಳ ಕಡೆ ತಿರುಗಿದರು. 'ಸುಧಾ, ನನ್ನನ್ನು ಏನೆಂದು ಕರೆಯುತ್ತೀ?'

'ಕಾಕಾ.'

'ಕಾಕಾ ಅಂದರೆ?'

'ಅಂಕಲ್.'

'ಇವರನ್ನು?'

'ವೈನಿ. ಬ್ರದರ್ಸ್ ವೈಫ್.'

ಆಫೀಸರ್ ಲೋಟ ಕೆಳಗಿಟ್ಟರು. 'ಹಾಗಾದರೆ ನಿನ್ನ ತಂದೆ ತಾಯಿ ಎಲ್ಲಿ ಮಗೂ?'

ಸುಧಾ ಅವರನ್ನು ದಡ್ಡನನ್ನು ನೋಡುವ ಹಾಗೆ ನೋಡಿದಳು. 'ದೇ ಆರ್ ರೈಟ್ ಹಿಯರ್! ಇಟ್ ಈಸ್ ಜಸ್ಟ್ ವಾಟ್ ವಿ ಕಾಲ್ ದೆಮ್!'

ಕಾಕಾ ಸುಧಾಳ ಹುಟ್ಟಿದ ಸರ್ಟಿಫಿಕೇಟನ್ನು ಮೇಜಿನ ಮೇಲಿಟ್ಟರು. ಅಲ್ಲಿ ತಂದೆಯ ಹೆಸರು, ತಾಯಿಯ ಹೆಸರು, ಎಣ್ಣೆಯ ಕಲೆ. ಆಫೀಸರ್ ಅದನ್ನು ಓದಿದರು. ಕೆನ್ನೆ ಅಲುಗಿತು, ನಗು ತಡೆದುಕೊಂಡರು. ಆದರೆ ಒಪ್ಪಿಕೊಳ್ಳಲಿಲ್ಲ. ನನ್ನನ್ನು ಮುಂದಕ್ಕೆ ಕರೆದರು. ಕಾಕಾ ಕನ್ನಡದಲ್ಲಿ ಹೇಳಿದರು, 'ಶಾರದಾ, ಈ ಮನಷ್ಯಾ ನಿನಗ ಏನಾಗಬೇಕು ಅಂತ ಅವರು ಕೇಳೂದಿಲ್ಲಂತ. ನಿನಗ ಏನು ಮಾಡ್ತಾನ ಅಂತ ಕೇಳ್ತಾರ. ಖರೇ ಏನೈತಿ ಅದನ್ನ ಹೇಳು.'

ಅಣ್ಣ ಗೋಡೆಗೆ ಒರಗಿ ನಿಂತಿದ್ದರು. ಅವರ ಕಡೆ ನೋಡಿದರೆ ಬಾಯಿ ಕಟ್ಟುತ್ತದೆ ಎಂದು ಆಫೀಸರರ ಬೂಟು ನೋಡಿಕೊಂಡು ಹೇಳಿದೆ.

'ಅಣ್ಣ ಅನ್ನ ಹಾಕ್ತಾರೆ. ಉಗುರು ಕತ್ತರಿಸ್ತಾರೆ. ಜ್ವರ ಬಂದ್ರೆ ಬೈತಾರೆ, ಮತ್ತೆ ಗಂಜಿ ಮಾಡ್ತಾರೆ. ಅಮ್ಮ ಸತ್ತಾಗ ನನ್ನನ್ನು ಎತ್ತಿಕೊಂಡೇ ಅಡಿಗೆ ಮಾಡಿದ್ರು.' ಇನ್ನೇನಾದರೂ ಇದೆಯೇ ಎಂದು ಯೋಚಿಸಿದೆ. ಖರೇ ಹೇಳು ಎಂದಿದ್ದರಲ್ಲ. 'ತಲೆ ಬಾಚಲಿಕ್ಕೆ ಮಾತ್ರ ಬರೂದಿಲ್ಲ.'

ಕಾಕಾ ಒಂದು ಮಾತೂ ಬಿಡದೆ ಇಂಗ್ಲಿಷಿನಲ್ಲಿ ಹೇಳಿದರು. ಆಫೀಸರ್ ಕನ್ನಡಕ ತೆಗೆದು ನನ್ನ ತಲೆ ನೋಡಿದರು. ರಬ್ಬರ್ ಬ್ಯಾಂಡು, ಗಂಟು, ಕಿವಿಯ ಮೇಲೆ ಎದ್ದು ನಿಂತ ಕೂದಲು. 'ಅದು ಕಾಣಿಸುತ್ತಿದೆ' ಎಂದರು.

ಒಳಗೆ ಹೋಗಿ ಅರ್ಧ ಗಂಟೆ ಬರಲಿಲ್ಲ. ಬಂದಾಗ ಕೈಯಲ್ಲಿ ಕಾಗದವಿತ್ತು. ಕಾಕಾನಿಗೆ ಒಂದು ಪ್ರಶ್ನೆ ಕೇಳಿದರು, ಕಾಕಾ ಒಂದೊಂದೇ ಅಕ್ಷರ ಹೇಳಿದರು, ಅವರು ಬರೆದುಕೊಂಡರು. ಆ ಕಾಗದ ಈಗಲೂ ನನ್ನ ಬೀರುವಿನಲ್ಲಿದೆ. ತಂದೆ ಎಂಬಲ್ಲಿ ಪದ್ಮನಾಭ ಎಂದು ಟೈಪ್ ಮಾಡಿದೆ, ಪಕ್ಕದಲ್ಲಿ ನೀಲಿ ಶಾಯಿಯಲ್ಲಿ, ಕೈಬರಹದಲ್ಲಿ, ಅಣ್ಣ.

ವಾಪಸ್ಸು ಬರುವಾಗ ದಾರಿಯ ಬದಿಯ ಮರದಡಿ ಬುತ್ತಿ ಬಿಚ್ಚಿದೆವು. ಅಣ್ಣ ಒಂದು ತುತ್ತು ಬಾಯಿಗಿಟ್ಟು ಬಹಳ ಹೊತ್ತು ನುಂಗಲಿಲ್ಲ. ಆಮೇಲೆ, 'ಉಪ್ಪು ಸ್ವಲ್ಪ ಕಮ್ಮಿ ಆಯ್ತು' ಎಂದರು. ಅಳು ಬಂದಾಗ ಅವರು ಉಪ್ಪಿನ ವಿಷಯ ಎತ್ತುತ್ತಿದ್ದರು.

ಕಾಕಾ ನನಗೋಸ್ಕರ ಅಷ್ಟು ಮಾಡಿದರು, ನಾನು ಓದಿ ದೊಡ್ಡವಳಾದೆ ಎಂದು ಬರೆದರೆ ಚೆನ್ನಾಗಿರುತ್ತದೆ. ಹಾಗಾಗಲಿಲ್ಲ. ಶಾಲೆಗೆ ಸೇರಿದೆ, ಚಿಕ್ಕ ಮಕ್ಕಳ ಜೊತೆ ಕೂರಿಸಿದರು, ಓದು ಹತ್ತಲಿಲ್ಲ. ಒಂಬತ್ತನೆಯದಕ್ಕೆ ಬಿಟ್ಟೆ. ಶಾಲೆಯ ಅಡಿಗೆಮನೆಯಲ್ಲಿ ಮೂವತ್ತೊಂದು ವರ್ಷ ಕೆಲಸ ಮಾಡಿದೆ. ಓದು ಬಿಟ್ಟೆ ಎಂದು ನಾಚಿಕೆಯಿಂದ ಹೇಳಿದಾಗ ಕಾಕಾ ಬೈಯಲಿಲ್ಲ. 'ಬಿಟ್ರ ಬಿಟ್ಟಿ. ನಾ ಬಡಿದಾಡಿದ್ದು ನೀ ಅಣ್ಣನ ಕೂಡ ಇರ್ಲಿ ಅಂತ. ಇದ್ದೀ ಅಲ್ಲೇನು?' ಎಂದರು. ಇದ್ದೆ. ಅಣ್ಣ ಕೊನೆಯುಸಿರೆಳೆದದ್ದು ಈಗ ನಾನಿರುವ ಇದೇ ಯೂಲೆಸ್ಸಿನ ಮನೆಯಲ್ಲಿ, ನಾನು ಮಾಡಿದ ಗಂಜಿ ಕುಡಿದು, ಅದಕ್ಕೂ ಉಪ್ಪು ಕಮ್ಮಿ ಎಂದು ಹೇಳಿ.

ಕಾಕಾನ ಅಂತ್ಯಕ್ರಿಯೆಗೆ ಆಸ್ಟಿನ್ನಿಗೆ ಹೋಗಿದ್ದೆ. ಸಭಾಂಗಣ ತುಂಬಿ ಜನ ಹೊರಗೆ ಬಿಸಿಲಲ್ಲಿ ನಿಂತಿದ್ದರು. ಅರ್ಧಕ್ಕಿಂತ ಹೆಚ್ಚು ಮಂದಿಗೆ ಅವರ ಹೆಸರು ಸರಿಯಾಗಿ ಬಾಯಿಗೆ ಬರುತ್ತಿರಲಿಲ್ಲ, 'ಮಿಸ್ಟರ್ ಕ್ಯಾಟಿ' ಎನ್ನುತ್ತಿದ್ದರು. ಎಲ್ಲರ ಬಾಯಲ್ಲೂ ಊಟದ ಮಾತು. ಅವರ ಮನೆಯಲ್ಲಿ ತಿಂದ ರೊಟ್ಟಿ, ಅವರ ಮಡಿಲಲ್ಲಿ ಕೂತಿದ್ದ ಮಗು. ವೈನಿ ಕುರ್ಚಿಯಲ್ಲಿ ಕೂತಿದ್ದರು, ಈಗ ಕಿವಿ ಕೇಳಿಸುವುದಿಲ್ಲ.

ನಮ್ಮ ಕಡೆಯ ಮಕ್ಕಳು ಈಗ ಅಪ್ಪನನ್ನು ಡ್ಯಾಡ್ ಎನ್ನುತ್ತವೆ. ಅಪ್ಪನ ತಮ್ಮ ಅಂಕಲ್, ಪಕ್ಕದ ಮನೆಯವರು ಅಂಕಲ್, ಅಂಗಡಿಯವನೂ ಅಂಕಲ್. ಯಾವ ಆಫೀಸರಿಗೂ ಗೊಂದಲವಾಗುವುದಿಲ್ಲ, ಯಾವ ವಕೀಲರೂ ಬೇಕಾಗುವುದಿಲ್ಲ. ಒಳ್ಳೆಯದೇ. ಆದರೆ ಅಣ್ಣ ಎಂದು ಕರೆದರೆ ತಿರುಗಿ ನೋಡುವವರು ನನಗೆ ಯಾರೂ ಉಳಿದಿಲ್ಲ. ಕಾಕಾನಿಗೆ ಅರ್ಥವಾಗುತ್ತಿತ್ತು. ಈಗ ಅವರೂ ಇಲ್ಲ.

ಅಂತ್ಯಕ್ರಿಯೆ ಮುಗಿಸಿ ಕಾಕಾನ ಮನೆಯಿಂದ ಹೊರಡುವಾಗ ಸುಧಾಳ ಮೊಮ್ಮಗಳು, ನಾಲ್ಕು ವರ್ಷದ್ದು, ಮನೆಯೆಲ್ಲ ಹುಡುಕಿ ಬಂದು ಅಜ್ಜಿಯ ಸೀರೆ ಎಳೆದು, 'ವೇರ್ ಈಸ್ ಕಾಕಾ?' ಎಂದಿತು. ಅದಕ್ಕೆ ಆ ಮಾತಿನ ಅರ್ಥ ಗೊತ್ತಿಲ್ಲ. ಯಾರನ್ನು ಕರೆಯಬೇಕು ಎಂದು ಮಾತ್ರ ಗೊತ್ತಿದೆ. ನಮಗೂ ಅಷ್ಟೇ ಗೊತ್ತಿದ್ದದ್ದು.

ಅವತ್ತು ಡಲ್ಲಾಸಿನಿಂದ ಆಸ್ಟಿನ್ನಿಗೆ ಬಂದು ಮುಟ್ಟುವಾಗ ದೀಪ ಹಚ್ಚುವ ಹೊತ್ತು. ದಣಿದು ಎಲ್ಲರೂ ಮಲಗಿದೆವು. ಮಾರನೆಯ ಬೆಳಿಗ್ಗೆ ಎದ್ದಾಗ ವೈನಿ ಕೆಲಸಕ್ಕೆ ಹೋಗಿಯಾಗಿತ್ತು. ಹಿಂಬಾಗಿಲ ಮೆಟ್ಟಿಲ ಮೇಲೆ ಕಾಕಾ, ಬಾಯಲ್ಲಿ ರಿಬ್ಬನ್, ಪಕ್ಕದಲ್ಲಿ ಯಾರದೋ ಬೇರೆ ಕಾಗದ. ಸುಧಾಳ ಜಡೆ ಮುಗಿದಿತ್ತು, ಚಿನ್ನಿಯದು ನಡೆಯುತ್ತಿತ್ತು. ಅವತ್ತು ಅವರು ನನ್ನನ್ನು ಕರೆಯಲಿಲ್ಲ. ನಾನು ತಲೆಯ ರಬ್ಬರ್ ಬ್ಯಾಂಡ್ ಕಿತ್ತು ತೆಗೆದು, ಹೋಗಿ ಚಿನ್ನಿಯ ಹಿಂದೆ ಸಾಲಿನಲ್ಲಿ ಕೂತೆ.